ಹನ್ನೊಂದು ಸರ್ಟಿಫಿಕೇಟ್ ಇದೆ, ಇನ್ನೇನು ಓದಲಿ?

ಪ್ರಶ್ನೆ: ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಆಗಿದೆ, ಆನ್‌ಲೈನ್‌ನಲ್ಲಿ 11 ಸರ್ಟಿಫಿಕೇಟ್ ತಗೊಂಡಿದ್ದೇನೆ. ಜಾಗತಿಕ ಆರೋಗ್ಯ ಮತ್ತು ವಿಪತ್ತು ಸನ್ನದ್ಧತೆಯ ತಜ್ಞನಾಗಲು ಇನ್ನು ಯಾವ ಕೋರ್ಸ್ ಮಾಡಲಿ?

ಯಾವುದೂ ಬೇಡ. ಇದೇ ಪ್ರಶ್ನೆ ಓದಿ ಓದಿ ಸಾಕಾಗಿದೆ. ಹನ್ನೆರಡನೆಯದು ಬಂದರೆ ಕೆಲಸ ಸಿಗುತ್ತೆ ಅಂತ ಹೇಳಿದವರು ಆ ಕೋರ್ಸ್ ಮಾರುವವರೇ ಇರಬೇಕು.

ವಿಪತ್ತು ಬಂದಾಗಲೂ ಮಾಮೂಲಿ ಆಸ್ಪತ್ರೆ ಮಾಮೂಲಿಯಾಗಿ ನಡೆಯಬೇಕು, ಅದನ್ನು ನೋಡಿಕೊಳ್ಳೋದೇ ಈ ಕೆಲಸ. 2014ರಿಂದ 16ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾಗೆ 11,000ಕ್ಕೂ ಹೆಚ್ಚು ಜನ ಸತ್ತರು, ಅದು ಎಲ್ಲರಿಗೂ ಗೊತ್ತು. ಆದರೆ ಅದೇ ಹೊತ್ತಲ್ಲಿ ಹೆರಿಗೆಗೆ, ಮಲೇರಿಯಾಕ್ಕೆ ಆಸ್ಪತ್ರೆಗೆ ಬರೋಕೆ ಜನ ಹೆದರಿದರು, ನರ್ಸ್‌ಗಳೇ ಸೋಂಕು ತಗುಲಿ ಸತ್ತರು, ಮಕ್ಕಳ ದಡಾರ ಲಸಿಕೆ ತಪ್ಪಿತು. ಇದನ್ನು ಮೊದಲೇ ಊಹಿಸಿ ಏರ್ಪಾಡು ಮಾಡುವವರು ಬೇಕು. ಕಾಗದದ ಮೇಲಿನ ಸಿದ್ಧತೆ ಸಾಲದು: ಸಾಂಕ್ರಾಮಿಕ ಎದುರಿಸಲು ಯಾವ ದೇಶ ಎಷ್ಟು ಸಜ್ಜಾಗಿದೆ ಅಂತ ಅಳೆಯುವ 2019ರ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕದಲ್ಲಿ ಮೊದಲ ಸ್ಥಾನ ಅಮೆರಿಕಕ್ಕೆ, ಎರಡನೆಯದು ಬ್ರಿಟನ್‌ಗೆ. ಮರುವರ್ಷ ಕೋವಿಡ್‌ನಲ್ಲಿ ಎರಡೂ ದೇಶ ಪಟ್ಟ ಪಾಡು ನೋಡಿದ್ದೀರಲ್ವಾ?

ಹಾಗಾಗಿ ಎರಡು ವರ್ಷ ಒಂದು ಜಿಲ್ಲಾ ಮಟ್ಟದ ಕೆಲಸ ಹಿಡಿಯಿರಿ. ರೋಗ ಕಣ್ಗಾವಲು, ಲಸಿಕೆ ಸಾಗಣೆ, ನೀರು-ನೈರ್ಮಲ್ಯ, ಯಾವುದಾದರೂ ಸರಿ. ಲಸಿಕೆ ಫ್ರಿಜ್‌ನ ತಾಪಮಾನದ ಚಾರ್ಟ್ ನೋಡಿ. 2ರಿಂದ 8 ಡಿಗ್ರಿ ಒಳಗಿರಬೇಕು, ದಿನಕ್ಕೆ ಎರಡು ಸಲ ಬರೆಯಬೇಕು. ತಿಂಗಳಿಡೀ ಒಂದೇ ಪೆನ್ನಲ್ಲಿ, ಒಂದೇ ಓರೆ ಅಕ್ಷರದಲ್ಲಿ, ಕರೆಂಟ್ ಹೋದ ದಿನವೂ 5 ಅಂತಲೇ ಇದ್ದರೆ ಯಾರೋ ಒಂದೇ ಸಲ ಕೂತು ತುಂಬಿದ್ದಾರೆ ಅಂತರ್ಥ. ಅದು ಕಣ್ಣಿಗೆ ಬೀಳಬೇಕು, ಬಿದ್ದ ಮೇಲೆ ಆ ನೌಕರರನ್ನು ಬೈಯದೆ ಜನರೇಟರ್‌ಗೆ ಡೀಸೆಲ್ ಯಾಕೆ ಬಂದಿಲ್ಲ ಅಂತ ಹುಡುಕಬೇಕು. ಸಂದರ್ಶನದಲ್ಲಿ ನಾನು ಕೇಳೋದು ಇಂಥದ್ದನ್ನೇ. ಜೊತೆಗೆ ಇನ್ನೊಂದು ಭಾಷೆ, ಫ್ರೆಂಚ್ ಆದರೆ ಒಳ್ಳೆಯದು, ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಎಷ್ಟೋ ಕೆಲಸಗಳಿಗೆ ಅದಿಲ್ಲದೆ ಆಗಲ್ಲ. ಒಂದು ಎಚ್ಚರಿಕೆ: ಗುತ್ತಿಗೆಗಳು ಚಿಕ್ಕವು, ದಾನಿಗಳ ದುಡ್ಡು ನಿಂತರೆ ಕೆಲಸವೂ ನಿಲ್ಲುತ್ತೆ. ಸಾಲ ಮಾಡಿ ವಿದೇಶದಲ್ಲಿ ಓದುವವರಿಗೆ ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಪ್ರಶ್ನೆ: ಡಾಕ್ಟರ್ ಅಲ್ಲದವರಿಗೆ ಇಲ್ಲಿ ಬೆಲೆ ಇಲ್ವಂತೆ?

ಸುಳ್ಳು. ಎಬೋಲಾ ಕಾಲದಲ್ಲಿ ಶವ ಮುಟ್ಟಿದರೂ ಸೋಂಕು ಹರಡುತ್ತಿತ್ತು; ಶವಸಂಸ್ಕಾರದ ರೀತಿ ಬದಲಾಯಿಸಲು ಊರವರ ಜೊತೆ ಕೂತು ಮಾತಾಡಿದವರಲ್ಲಿ ಮಾನವಶಾಸ್ತ್ರಜ್ಞರೂ ಇದ್ದರು.

ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ ಕೆಲಸ ಕೊಡಿಸ್ತೀನಿ ಅಂತ ಏಜೆಂಟ್ ಮುಂಗಡ ಕೇಳುತ್ತಿದ್ದಾರೆ.

ನೇಮಕಾತಿಯ ಯಾವ ಹಂತದಲ್ಲೂ ವಿಶ್ವಸಂಸ್ಥೆ ದುಡ್ಡು ತಗೊಳ್ಳಲ್ಲ. ನಂಬರ್ ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ.