ಕಡಲ ತಳದ ಬಾವಿಯನ್ನು ಹಿಡಿತದಲ್ಲಿಡುವುದು ಹೇಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲ ಉತ್ತರಿಸುವವರು, ಕಡಲಿನ ತೈಲ ರಿಗ್‌ಗಳಲ್ಲಿ ಸಬ್‌ಸೀ (ಕಡಲ ತಳದ ಯಂತ್ರಗಳ) ಎಂಜಿನಿಯರ್ ಆಗಿದ್ದು ಈಗ ಮುಳಬಾಗಿಲಿನಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ನಮ್ಮ ತೋಟದ ಬೋರ್‌ವೆಲ್‌ನಲ್ಲಿ ಮೋಟರ್ ಸುಟ್ಟರೆ ಜನ ಕರೆಸಿ ಪೈಪು ಎತ್ತಿಸುತ್ತೇವೆ. ಸಮುದ್ರದ ಅಡಿಯಲ್ಲಿರುವ ಎಣ್ಣೆ ಬಾವಿ ಕೆಟ್ಟರೆ ಏನು ಮಾಡುತ್ತಾರೆ?
– ಮಾವು ಬೆಳೆಗಾರರೊಬ್ಬರು, ಶ್ರೀನಿವಾಸಪುರ

ನಿಮ್ಮ ತೋಟದಲ್ಲಿ 1,200 ಅಡಿ ಕೊರೆಸಿದರೂ ನೀರು ತಾನಾಗಿ ಮೇಲೆ ಬರುವುದಿಲ್ಲ. ಎಳೆದು ತರಬೇಕು. ಎಣ್ಣೆ, ಗ್ಯಾಸ್ ಬಾವಿಯ ಕಷ್ಟ ಇದಕ್ಕೆ ಪೂರ್ತಿ ಉಲ್ಟಾ. ಒತ್ತಡ ಚೆನ್ನಾಗಿರುವ ಬಾವಿಯಲ್ಲಿ ಅದು ತಾನೇ ನುಗ್ಗಿ ಬರುತ್ತದೆ. ಹಾಗಾಗಿ ರಿಪೇರಿಗೆ ಕೈ ಹಾಕುವ ಮುಂಚೆ ನಾವು ಕೇಳಿಕೊಳ್ಳುವುದು ಒಂದೇ ಮಾತು. ಈ ಮುಚ್ಚಳ ತೆಗೆದಾಗ ಕೆಳಗಿನದನ್ನು ತಡೆದು ನಿಲ್ಲಿಸುವುದು ಯಾವುದು? ಒಂದು ತಡೆ ಇದ್ದರೆ ಸಾಲದು, ಎರಡು ಬೇಕು. ಒಂದು ಕೈಕೊಟ್ಟರೂ ಇನ್ನೊಂದು ನಿಲ್ಲಬೇಕು. ಎರಡನ್ನೂ ಬೇರೆ ಬೇರೆಯಾಗಿ ಒತ್ತಡ ಹಾಕಿ ಪರೀಕ್ಷೆ ಮಾಡಿ, ಆ ಪರೀಕ್ಷೆಯ ಒತ್ತಡ ದಾಖಲಾದ ಚಾರ್ಟಿಗೆ ಸಹಿ ಬಿದ್ದ ಮೇಲೆಯೇ ಮುಂದಿನ ಕೆಲಸ.

ಮುಂಬೈ ಹೈನಲ್ಲಿ ನೀರಿನ ಆಳ ಸುಮಾರು 75 ಮೀಟರ್ ಮಾತ್ರ. 1974ರಲ್ಲಿ ಸಾಗರ್ ಸಮ್ರಾಟ್ ರಿಗ್ ಅಲ್ಲಿ ಎಣ್ಣೆ ಕಂಡುಹಿಡಿಯಿತು. ಅಲ್ಲಿ ಉಕ್ಕಿನ ಕಾಲುಗಳ ಮೇಲೆ ಪ್ಲಾಟ್‌ಫಾರಂ ನಿಲ್ಲಿಸಬಹುದು. ಬಾವಿಯ ವಾಲ್ವ್‌ಗಳು ಹೆಚ್ಚಾಗಿ ಆ ಪ್ಲಾಟ್‌ಫಾರಂ ಮೇಲೆಯೇ ಇರುತ್ತವೆ, ಕೈಗೆ ಸಿಗುತ್ತವೆ. ಕಾಕಿನಾಡ ಕಡೆಯ ಕೃಷ್ಣಾ–ಗೋದಾವರಿ ಕಡಲಿನಲ್ಲಿ ಹಾಗಲ್ಲ. ಕೆಲವು ಕಡೆ ನೀರೇ 2,000 ಮೀಟರ್ ದಾಟುತ್ತದೆ. ಅಲ್ಲಿ ಕ್ರಿಸ್‌ಮಸ್ ಟ್ರೀ ಅನ್ನುವ ವಾಲ್ವ್‌ಗಳ ಗುಂಪನ್ನು ಕಡಲ ನೆಲದ ಮೇಲೆಯೇ ಕೂರಿಸಬೇಕು. ಬಾವಿ ಮುಚ್ಚುವ ಮಾಸ್ಟರ್ ವಾಲ್ವ್, ಪಕ್ಕದ ದಾರಿ ಮುಚ್ಚುವ ವಿಂಗ್ ವಾಲ್ವ್, ಹರಿವನ್ನು ಹೆಚ್ಚು ಕಡಿಮೆ ಮಾಡುವ ಚೋಕ್ ಎಲ್ಲಾ ಅದರಲ್ಲೇ. ಅದರ ಕೆಳಗೆ, ಕಡಲ ನೆಲಕ್ಕಿಂತ ಇನ್ನೂ ಆಳದಲ್ಲಿ, ಬಾವಿಯ ಟ್ಯೂಬಿನೊಳಗೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಮೇಲಿನ ಟ್ರೀ ಪೂರ್ತಿ ಮುರಿದುಹೋದರೂ ಬಾವಿಯನ್ನು ಮುಚ್ಚಬೇಕಾದದ್ದು ಅದು.

ಕೆಡುವುದು ಏನು ಅಂದರೆ, ಮರಳು ಬಂದು ತುಂಬುತ್ತದೆ. ಮೇಣ ಕಟ್ಟುತ್ತದೆ. ಪೈಪಿನೊಳಗೆ ಉಪ್ಪಿನ ಪದರ ಬೆಳೆಯುತ್ತದೆ. ಎಣ್ಣೆಯ ಜೊತೆ ನೀರು ಜಾಸ್ತಿ ಬರಲು ಶುರುವಾಗುತ್ತದೆ. ಸಣ್ಣ ರಿಪೇರಿಗೆ ಒಂದು ಹಡಗು ಸಾಕು. ಅದು ಲಂಗರು ಹಾಕುವುದಿಲ್ಲ. ಉಪಗ್ರಹದ ಲೆಕ್ಕ ನೋಡಿಕೊಂಡು ತನ್ನ ಪ್ರೊಪೆಲ್ಲರ್‌ಗಳಿಂದಲೇ ಬಾವಿಯ ನೇರಕ್ಕೆ ನಿಲ್ಲುತ್ತದೆ. ಹಡಗಿನ ನಡುವೆ ಇರುವ ಕಿಂಡಿಯಿಂದ ಲುಬ್ರಿಕೇಟರ್ ಅನ್ನುವ ಉದ್ದನೆಯ ಕೊಳವೆ ಮತ್ತು ವಾಲ್ವ್‌ಗಳನ್ನು ಇಳಿಸಿ ಟ್ರೀ ಮೇಲೆ ಕೂರಿಸುತ್ತಾರೆ. ಅದರೊಳಗಿಂದ ತಂತಿಯ ತುದಿಗೆ ಕಟ್ಟಿದ ಉಪಕರಣ ಬಾವಿಗೆ ಇಳಿಯುತ್ತದೆ. ತಂತಿ ಒಳಗೆ ಹೋಗುವ ಜಾಗದಲ್ಲಿ ಒತ್ತಡದಿಂದ ಗ್ರೀಸ್ ತುಂಬುತ್ತಾ ಇರುತ್ತಾರೆ, ಗ್ಯಾಸ್ ನುಸುಳದಂತೆ. ಟ್ಯೂಬನ್ನೇ ಹೊರಗೆ ಎಳೆಯಬೇಕಾದರೆ ಮಾತ್ರ ದೊಡ್ಡ ರಿಗ್ ಬರಬೇಕು. ಆಗ ಮೊದಲು ಭಾರವಾದ ಉಪ್ಪುನೀರು ತುಂಬಿ ಬಾವಿಯನ್ನು ಸುಮ್ಮನಾಗಿಸುತ್ತಾರೆ. ರಿಗ್ಗಿನ ಒಂದು ದಿನದ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಹಡಗಿನಿಂದ ಆಗುವ ಕೆಲಸಕ್ಕೆ ಯಾರೂ ರಿಗ್ ಕರೆಸುವುದಿಲ್ಲ.

ಪ್ರಶ್ನೆ: ಅಷ್ಟು ಆಳದಲ್ಲಿ ವಾಲ್ವ್ ತಿರುಗಿಸುವವರು ಯಾರು? ಮುಳುಗುಗಾರರು ಹೋಗುತ್ತಾರಾ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಬಂಗಾರಪೇಟೆ

ಇಲ್ಲ ಮೇಡಂ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಇದನ್ನು ನಿಮ್ಮ ಮಕ್ಕಳೇ ಲೆಕ್ಕ ಹಾಕಬಹುದು. 1,500 ಮೀಟರ್‌ನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 150 ಕೆ.ಜಿ. ಭಾರ. ತೈಲ ಕೆಲಸದಲ್ಲಿ ಮನುಷ್ಯರು ಇಳಿಯುವುದು ಹೆಚ್ಚೆಂದರೆ 300 ಮೀಟರ್ ಆಸುಪಾಸು. ಅದಕ್ಕೂ ಅವರು ಹಡಗಿನ ಮೇಲಿರುವ ಒತ್ತಡದ ಕೋಣೆಯಲ್ಲೇ ವಾರಗಟ್ಟಲೆ ಬದುಕಬೇಕು. ಕೆಲಸ ಮುಗಿದ ಮೇಲೆ ಹೊರಗೆ ಬರಲು ಒತ್ತಡ ನಿಧಾನವಾಗಿ ಇಳಿಸಬೇಕು. ಸುಮಾರು 30 ಮೀಟರಿಗೆ ಒಂದು ದಿನದ ಲೆಕ್ಕ. ಅವರ ಬಗ್ಗೆ ನನಗೆ ಬಹಳ ಗೌರವ.

ಅದಕ್ಕಿಂತ ಆಳದಲ್ಲಿ ಕೆಲಸ ಮಾಡುವುದು ಆರ್‌ಒವಿ. ಕೇಬಲ್ ಕಟ್ಟಿ ಇಳಿಸುವ ಯಂತ್ರ ಅದು. ಕ್ಯಾಮೆರಾ, ದೀಪ, ಎರಡು ಯಾಂತ್ರಿಕ ತೋಳು ಇರುತ್ತವೆ. ಪೈಲಟ್ ಮೇಲೆ ಹಡಗಿನ ಕೋಣೆಯಲ್ಲಿ ಪರದೆ ನೋಡುತ್ತಾ ಜಾಯ್‌ಸ್ಟಿಕ್‌ನಿಂದ ನಡೆಸುತ್ತಾನೆ. ಕೆಸರೆದ್ದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಆಗ ಒಳ್ಳೆ ಪೈಲಟ್ ಯಾವುದನ್ನೂ ಮುಟ್ಟದೆ ಸುಮ್ನೆ ಕಾಯುತ್ತಾನೆ. ಅವಸರದವನು ಏನಾದರೂ ಮುರಿದಿಡುತ್ತಾನೆ.

ಆದರೆ ದಿನನಿತ್ಯ ವಾಲ್ವ್ ತೆರೆದು ಮುಚ್ಚುವುದಕ್ಕೆ ಆರ್‌ಒವಿ ಬೇಕಿಲ್ಲ. ಅಂಬಿಲಿಕಲ್ ಅನ್ನುವ ದಪ್ಪ ಕೇಬಲ್ ದಡದಿಂದಲೋ ಪ್ಲಾಟ್‌ಫಾರಂನಿಂದಲೋ ಬಾವಿಯವರೆಗೆ ಹೋಗಿರುತ್ತದೆ. ಅದರೊಳಗೆ ವಿದ್ಯುತ್ ತಂತಿ, ಸಂದೇಶದ ತಂತಿ, ಹೈಡ್ರಾಲಿಕ್ ದ್ರವದ ಸಣ್ಣ ಕೊಳವೆಗಳು, ರಾಸಾಯನಿಕದ ಕೊಳವೆಗಳು. ಟ್ರೀ ಪಕ್ಕದ ಕಂಟ್ರೋಲ್ ಮಾಡ್ಯೂಲ್ ಸಂದೇಶ ಓದಿ ಯಾವ ವಾಲ್ವಿಗೆ ದ್ರವ ಹೋಗಬೇಕೋ ಅದಕ್ಕೆ ಬಿಡುತ್ತದೆ.

ಇಲ್ಲಿ ನನಗೆ ಇವತ್ತಿಗೂ ಖುಷಿ ಕೊಡುವ ಒಂದು ವಿಷಯ ಇದೆ. ವಾಲ್ವ್ ತೆರೆದಿರಬೇಕಾದರೆ ಹೈಡ್ರಾಲಿಕ್ ಒತ್ತಡ ಅದನ್ನು ಸತತವಾಗಿ ಹಿಡಿದಿರಬೇಕು. ಒತ್ತಡ ಹೋಯಿತೋ, ಒಳಗಿನ ಸ್ಪ್ರಿಂಗ್ ಅದನ್ನು ಮುಚ್ಚಿಬಿಡುತ್ತದೆ. ಕೊಳವೆ ಒಡೆಯಲಿ, ಪ್ಲಾಟ್‌ಫಾರಂನಲ್ಲಿ ಬೆಂಕಿ ಬೀಳಲಿ, ಮುಚ್ಚು ಅಂತ ಯಾರೂ ಹೇಳಬೇಕಾಗಿಲ್ಲ. ಮಕ್ಕಳಿಗೆ ಎಂಜಿನಿಯರಿಂಗ್ ಅಂದರೇನು ಅಂತ ಹೇಳಿಕೊಡಬೇಕಾದರೆ ದಯವಿಟ್ಟು ಈ ಸ್ಪ್ರಿಂಗ್‌ನಿಂದ ಶುರು ಮಾಡಿ.

ರಾಸಾಯನಿಕದ ಕೊಳವೆ ಯಾಕೆ ಅಂತ ಕೇಳಬಹುದು. ಆಳದ ನೀರು 4 ಡಿಗ್ರಿ ಆಸುಪಾಸು ತಣ್ಣಗಿರುತ್ತದೆ. ಆ ಚಳಿ, ಆ ಒತ್ತಡ ಎರಡೂ ಸೇರಿದರೆ ಗ್ಯಾಸಿನಲ್ಲಿರುವ ಮೀಥೇನ್ ನೀರಿನ ಜೊತೆ ಸೇರಿ ಹೈಡ್ರೇಟ್ ಆಗುತ್ತದೆ. ನೋಡಲು ಐಸ್ ಥರ ಇರುವ ಗಟ್ಟಿ ವಸ್ತು, ಪೈಪನ್ನೇ ಕಟ್ಟಿಹಾಕುತ್ತದೆ. ಅದನ್ನು ತಡೆಯಲು ಗ್ಲೈಕಾಲ್ ಅಥವಾ ಮೆಥನಾಲ್ ಬಿಡುತ್ತಾರೆ.

ಪ್ರಶ್ನೆ: ನಾನು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವನು. ರಾಕ್ ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯುವುದು) ಆದರೆ ಏನಾಗುತ್ತೆ ಅಂತ ಕಣ್ಣಾರೆ ಕಂಡಿದ್ದೇನೆ. 2010ರಲ್ಲಿ ಅಮೆರಿಕದ ಕಡಲಿನಲ್ಲಿ ಬಾವಿ ಸಿಡಿದು ತಿಂಗಳುಗಟ್ಟಲೆ ಎಣ್ಣೆ ಹರಿಯಿತು. ಇಷ್ಟು ಮುಂದುವರಿದವರಿಗೆ ಯಾಕೆ ನಿಲ್ಲಿಸಲು ಆಗಲಿಲ್ಲ?
– ನಿವೃತ್ತ ಕಾರ್ಮಿಕರು, ಕೆಜಿಎಫ್

ಸಾರ್, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಬಂದವರು ನೀವು. ನಿಮ್ಮ ಪ್ರಶ್ನೆಗೆ ಅರೆಬರೆ ಉತ್ತರ ಕೊಡಲಾರೆ.

ಅದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿ. ರಿಗ್ ಹೆಸರು ಡೀಪ್‌ವಾಟರ್ ಹೊರೈಜನ್. ನೀರಿನ ಆಳ ಸುಮಾರು 1,500 ಮೀಟರ್. ಬಾವಿಯನ್ನು ಹಿಡಿದಿಡುವ ಮೊದಲ ತಡೆ ಯಾವ ಯಂತ್ರವೂ ಅಲ್ಲ, ಕೊರೆಯುವಾಗ ಕೊಳವೆಯಲ್ಲಿ ತುಂಬಿರುವ ಮಡ್ ಅನ್ನುವ ಭಾರದ ದ್ರವ. ಅದರ ಭಾರ ಕೆಳಗಿನ ಒತ್ತಡಕ್ಕಿಂತ ಸ್ವಲ್ಪ ಜಾಸ್ತಿ ಇರುವವರೆಗೆ ಎಲ್ಲಾ ಶಾಂತ. ಮಕೊಂಡೊದಲ್ಲಿ ಬಾವಿಯ ತಳಕ್ಕೆ ಸಿಮೆಂಟ್ ಹಾಕಿದ್ದರು, ಅದು ಹಿಡಿದಿರಲಿಲ್ಲ. ಹಿಡಿದಿದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆ ಮಾಡಿದಾಗ ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ ಒತ್ತಡ ಕಂಡಿತು. ಅಲ್ಲಿ ಸೊನ್ನೆ ಇರಬೇಕಿತ್ತು. ಏನೋ ಒಂದು ಕಾರಣ ಹೇಳಿಕೊಂಡು ಪರೀಕ್ಷೆ ಪಾಸಾಯಿತು ಅಂದುಕೊಂಡರು. ಆಮೇಲೆ ಭಾರದ ಮಡ್ ತೆಗೆದು ಹಗುರವಾದ ಸಮುದ್ರದ ನೀರು ತುಂಬಿದರು. ಗ್ಯಾಸ್ ಒಳಗೆ ನುಗ್ಗಿತು. ಇದನ್ನು ನಾವು ಕಿಕ್ ಅನ್ನುತ್ತೇವೆ. ಒಳಗೆ ಕಳಿಸಿದ್ದಕ್ಕಿಂತ ಹೊರಗೆ ಬರುವುದು ಜಾಸ್ತಿಯಾದರೆ ಕಿಕ್ ಅಂತ ಗೊತ್ತಾಗಬೇಕು. ಅವತ್ತು ಅದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಗ್ಯಾಸ್ ಆಗಲೇ ಕಡಲ ನೆಲ ದಾಟಿ ರಿಗ್ಗಿನತ್ತ ಏರುತ್ತಿತ್ತು. ಏಪ್ರಿಲ್ 20ರ ರಾತ್ರಿ ಸ್ಫೋಟವಾಯಿತು. 11 ಜನ ಸತ್ತರು. ಎರಡು ದಿನಕ್ಕೆ ರಿಗ್ ಮುಳುಗಿತು.

ಕಡಲ ನೆಲದ ಮೇಲೆ ಬಿಒಪಿ (ಬ್ಲೋಔಟ್ ಪ್ರಿವೆಂಟರ್, ಬಾವಿ ಸಿಡಿಯದಂತೆ ತಡೆಯುವ ಯಂತ್ರ) ಇತ್ತಲ್ಲ, ಅದು ಏನು ಮಾಡುತ್ತಿತ್ತು? ನನ್ನ ನೌಕರಿಯೇ ಅದರ ಜೊತೆ. ಆಳ ನೀರಿನ ಬಿಒಪಿ ಅಂದರೆ 300 ಟನ್ನಿಗೂ ಮೇಲಿನ ಉಕ್ಕು. ಒಂದರ ಮೇಲೊಂದು ಜೋಡಿಸಿದ ತಡೆಗಳು. ಪೈಪಿನ ಸುತ್ತ ರಬ್ಬರ್ ಬಿಗಿಯುವುದು ಒಂದು, ಪೈಪನ್ನು ಎರಡು ಕಡೆಯಿಂದ ಹಿಡಿಯುವುದು ಇನ್ನೊಂದು, ಕೊನೆಯದಾಗಿ ಪೈಪನ್ನೇ ಕತ್ತರಿಸಿ ಬಾವಿ ಮುಚ್ಚುವ ಶಿಯರ್ ರ್‍ಯಾಮ್. ಮಕೊಂಡೊದಲ್ಲಿ ಕೆಳಗಿನ ಒತ್ತಡಕ್ಕೆ ಪೈಪು ಬಾಗಿ ಪಕ್ಕಕ್ಕೆ ಸರಿದಿತ್ತು. ಬ್ಲೇಡುಗಳಿಗೆ ಅದು ಪೂರ್ತಿ ಸಿಗಲಿಲ್ಲ, ಬಾವಿ ಮುಚ್ಚಲಿಲ್ಲ. ಬಿಒಪಿಗೆ ಆದೇಶ ತಲುಪಿಸುವ ಕಂಟ್ರೋಲ್ ಪಾಡ್‌ಗಳ ವೈರಿಂಗ್‌ನಲ್ಲೂ ದೋಷವಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಒಂದು ಪಾಡ್‌ನ ಬ್ಯಾಟರಿ ಸೊರಗಿತ್ತು.

ಆಮೇಲಿನ ಕಥೆ ನಿಮಗೆ ಗೊತ್ತು. ಸೋರುವ ಜಾಗದ ಮೇಲೆ ದೊಡ್ಡ ಉಕ್ಕಿನ ಗೂಡು ಇಳಿಸಿದರು, ಹೈಡ್ರೇಟ್ ಕಟ್ಟಿಕೊಂಡು ಅದು ಕೆಲಸಕ್ಕೆ ಬರಲಿಲ್ಲ. ಮೇಲಿಂದ ಭಾರದ ಮಡ್ ತುಂಬಿ ಅದುಮಲು ನೋಡಿದರು, ಅದೂ ಆಗಲಿಲ್ಲ. ಕೊನೆಗೆ ಹಳೆ ಬಿಒಪಿ ಮೇಲೆ ಕ್ಯಾಪಿಂಗ್ ಸ್ಟ್ಯಾಕ್ ಅನ್ನುವ ಹೊಸ ವಾಲ್ವ್‌ಗಳ ಗುಂಪನ್ನು ಆರ್‌ಒವಿಗಳ ಸಹಾಯದಿಂದ ಕೂರಿಸಿ, ಜುಲೈ 15ರಂದು ಮುಚ್ಚಿದರು. 87 ದಿನ ಹರಿದಿತ್ತು. ಪಕ್ಕದಿಂದ ಇನ್ನೊಂದು ಬಾವಿ ಕೊರೆದು ತಳಕ್ಕೆ ಸಿಮೆಂಟ್ ತುಂಬಿ ಪೂರ್ತಿ ಮುಗಿಸಿದ್ದು ಸೆಪ್ಟೆಂಬರಿನಲ್ಲಿ. ಅಂಥ ಕ್ಯಾಪಿಂಗ್ ಸ್ಟ್ಯಾಕ್‌ಗಳನ್ನು ಈಗ ನಾರ್ವೆ, ಸಿಂಗಾಪುರದಂಥ ಕಡೆ ಮೊದಲೇ ಮಾಡಿ ಇಟ್ಟಿರುತ್ತಾರೆ.

ಜನ ಬಿಒಪಿ ಕೈಕೊಟ್ಟಿತು ಅನ್ನುತ್ತಾರೆ. ನಿಜ, ಕೈಕೊಟ್ಟಿತು. ಆದರೆ ನನ್ನ ಮಟ್ಟಿಗೆ ಬಾವಿ ಕೈತಪ್ಪಿದ್ದು ಅದಕ್ಕೂ ಮೊದಲು, ಆ 1,400 ಪಿಎಸ್‌ಐ ನೋಡಿಯೂ ಮುಂದೆ ಹೋದ ಗಳಿಗೆಯಲ್ಲಿ. ನಾನು ಕಂಡ ಅತ್ಯುತ್ತಮ ಡ್ರಿಲ್ಲರ್ ಒಬ್ಬರು ಮಡ್ ಟ್ಯಾಂಕಿನ ಮಟ್ಟದಲ್ಲಿ ಸಣ್ಣ ಏರಿಕೆ ಕಂಡರೂ ಪಂಪ್ ನಿಲ್ಲಿಸಿ, ಬಾವಿ ತಾನಾಗಿ ಹರಿಯುತ್ತಿದೆಯಾ ಅಂತ ನೋಡುತ್ತಿದ್ದರು. ಮೇಲಿನವರು ಹೊತ್ತು ಹಾಳು ಅಂತ ಗೊಣಗಿದರೂ ಬಿಡುತ್ತಿರಲಿಲ್ಲ. ಅಂಥವರ ಶಿಫ್ಟಿನಲ್ಲಿ ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ. ಕೆಲಸ ನಿಲ್ಲಿಸುವ ಹಕ್ಕು ರಿಗ್ಗಿನ ಪ್ರತಿಯೊಬ್ಬನಿಗೂ ಇರಬೇಕು, ನಿಲ್ಲಿಸಿದವನನ್ನು ಯಾರೂ ಬೈಯಬಾರದು. ಗಣಿಯಲ್ಲಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಕಾಕಿನಾಡದ ಗ್ಯಾಸೇ ನಮ್ಮ ಮನೆಯ ಸಿಲಿಂಡರ್‌ಗೆ ಬರುವುದಾ?
– ಗೃಹಿಣಿ, ಮಾಲೂರು

ಅಲ್ಲಮ್ಮ. ಸಿಲಿಂಡರ್‌ನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಅಲ್ಲಿಂದ ಬರುವುದು ಹೆಚ್ಚಿನಂಶ ಮೀಥೇನ್. ಅದು ಪೈಪ್‌ಲೈನ್‌ನಲ್ಲಿ ಗುಜರಾತಿನ ಭರೂಚ್‌ವರೆಗೂ ಹೋಗುತ್ತದೆ. ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರಗಳಿಗೆ ಇಂಥ ಗ್ಯಾಸ್ ಬೇಕು.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಈ ಕೆಲಸಕ್ಕೆ ಸೇರಲು ಏನು ಮಾಡಬೇಕು?
– ವಿದ್ಯಾರ್ಥಿ, ಕೋಲಾರ

ಪೆಟ್ರೋಲಿಯಂ ಎಂಜಿನಿಯರಿಂಗ್ ಓದಲೇಬೇಕು ಅಂತೇನಿಲ್ಲಪ್ಪ. ಓದುವುದಾದರೆ ಧನಬಾದ್‌ನ ಐಐಟಿಯಲ್ಲಿ ಹಳೆಯ, ಒಳ್ಳೆಯ ವಿಭಾಗವಿದೆ. ಬಿ.ಇ. ಮುಗಿಸಿದರೆ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಗೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಶನ್‌ನವರೂ ಅರ್ಜಿ ಹಾಕಬಹುದು. ಡಿಪ್ಲೊಮಾದಲ್ಲೇ ಇದ್ದರೆ ಹೈಡ್ರಾಲಿಕ್ಸ್ ಚೆನ್ನಾಗಿ ಕಲಿ. ಹೈಡ್ರಾಲಿಕ್ ಸರ್ಕ್ಯೂಟ್‌ನ ನಕ್ಷೆ ಕೈಗೆ ಕೊಟ್ಟರೆ ದ್ರವ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ತೋರಿಸುವ ಹಾಗಿರಬೇಕು. ಜೊತೆಗೆ ಸ್ವಲ್ಪ ಎಲೆಕ್ಟ್ರಾನಿಕ್ಸ್. ಈ ಎರಡೂ ಬಲ್ಲವರು ಆರ್‌ಒವಿ ಕೆಲಸಕ್ಕೆ, ಸಬ್‌ಸೀ ವರ್ಕ್‌ಶಾಪ್‌ಗಳಿಗೆ ಬೇಕು.

ಕಡಲಿಗೆ ಹೋಗುವ ಮುಂಚೆ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಕಡ್ಡಾಯ. ಅದರಲ್ಲಿ ಹೆಲಿಕಾಪ್ಟರ್ ಮಾದರಿಯನ್ನು ನೀರಿನೊಳಗೆ ತಲೆಕೆಳಗು ಮಾಡಿ ನಿನ್ನನ್ನು ಹೊರಗೆ ಬರಲು ಹೇಳುತ್ತಾರೆ. ಡ್ರಿಲ್ಲರ್ ಆಗಬೇಕಾದರೆ ವೆಲ್ ಕಂಟ್ರೋಲ್ (ಬಾವಿಯ ಒತ್ತಡವನ್ನು ಹಿಡಿತದಲ್ಲಿಡುವ) ಸರ್ಟಿಫಿಕೇಟ್ ಬೇಕು, ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಏಜೆಂಟರಿಗೆ ಮಾತ್ರ ದುಡ್ಡು ಕೊಡಬೇಡ. ರಿಗ್ಗಿನಲ್ಲಿ ಕೆಲಸ ಕೊಡಿಸುತ್ತೇವೆ ಅಂತ ಲಕ್ಷಗಟ್ಟಲೆ ತಗೊಂಡು ಮಾಯವಾಗುವವರು ಬಹಳ ಇದ್ದಾರೆ. ಈಜು ಬರುತ್ತಾ? ಬರದಿದ್ದರೆ ಈ ಬೇಸಿಗೆಯಲ್ಲೇ ಕಲಿತುಬಿಡು.