ದುಬೈಯ ಅಂಗಡಿ ಫಿಟ್‌ಔಟ್ ಕೆಲಸ: ಬದಿಯಡ್ಕದ ತಮ್ಮನಿಗೆ ಉತ್ತರ

ಬದಿಯಡ್ಕದಲ್ಲಿ ಆರು ವರ್ಷ ಮರಗೆಲಸ ಮಾಡಿದ ನಿಮಗೆ ದುಬೈಯಲ್ಲಿ ಮಾಲ್‌ಗಳ ಅಂಗಡಿ ಫಿಟ್‌ಔಟ್ ಕೆಲಸ, ಅಂದರೆ ಖಾಲಿ ಅಂಗಡಿಯ ಒಳಗನ್ನು ಕೌಂಟರ್, ಕಪಾಟುಗಳಿಂದ ಸಜ್ಜುಗೊಳಿಸುವ ಕೆಲಸ, ಸಿಕ್ಕಿದೆ, ಬರಬಹುದೇ ಎಂದು ಕೇಳಿದ್ದೀರಿ. ಕುಂಬಳೆಯಿಂದ ಬಂದು ಇದೇ ಕಸುಬಿನಲ್ಲಿ ಹತ್ತೊಂಬತ್ತು ವರ್ಷ ಕಳೆದ ನಾನು ಬನ್ನಿ ಎಂದೇ ಹೇಳುತ್ತೇನೆ. ಆದರೆ ಎರಡು ವಿಷಯಗಳನ್ನು ತಿಳಿದುಕೊಂಡು ಬನ್ನಿ.

ಊರಿನಲ್ಲಿ ನಾವು ಮನೆಯಂಗಳದಲ್ಲೇ ಕೀಸುಳಿ ಹಿಡಿದು, ಅಳತೆ ತಿದ್ದಿಕೊಳ್ಳುತ್ತಾ ಕಪಾಟು ಮಾಡುತ್ತೇವೆ. ಇಲ್ಲಿ ಕೌಂಟರ್, ಶೆಲ್ಫ್‌ಗಳೆಲ್ಲ ವರ್ಕ್‌ಶಾಪಿನಲ್ಲಿ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಪ್ಲೈವುಡ್‌ಗಳಿಂದ ತಯಾರಾಗಿ ಬರುತ್ತವೆ. ಅವುಗಳನ್ನು ನೆಟ್ಟಗಿಲ್ಲದ ಗೋಡೆಗೆ, ಸಮವಿಲ್ಲದ ನೆಲಕ್ಕೆ ಸಂದು ಕಾಣದಂತೆ ಕೂಡಿಸುವುದೇ ನಮ್ಮ ಕೆಲಸ. ಆದ್ದರಿಂದ ಡ್ರಾಯಿಂಗ್ ಓದಲು ಕಲಿಯಿರಿ. ಮೊದಲ ವರ್ಷ ನಾನು ಸೀಲಿಂಗಿನ ಎತ್ತರವನ್ನು ಟೈಲ್ ಹಾಸಿದ ಮೇಲಿನ ಮಟ್ಟದಿಂದ ಲೆಕ್ಕ ಹಾಕದೆ, ಬರಿಯ ಕಾಂಕ್ರೀಟ್ ನೆಲದಿಂದ ಅಳೆದು ಗುರುತು ಹಾಕಿದ್ದೆ. ಟೈಲ್ ಬಂದ ಮೇಲೆ ಒಂದು ಕಪಾಟೂ ಒಳಗೆ ನಿಲ್ಲಲಿಲ್ಲ. ಎರಡು ರಾತ್ರಿ ಕುಳಿತು ಎಲ್ಲವನ್ನೂ ಕತ್ತರಿಸಬೇಕಾಯಿತು. ರಾತ್ರಿ ಎನ್ನಲು ಕಾರಣವಿದೆ: ಜನರಿರುವ ಮಾಲಿನಲ್ಲಿ ಡ್ರಿಲ್ಲಿಂಗ್‌ನಂತಹ ಸದ್ದಿನ ಕೆಲಸಕ್ಕೆ ಬಾಗಿಲು ಮುಚ್ಚಿದ ಮೇಲೆಯೇ ಅನುಮತಿ ಸಿಗುತ್ತದೆ.

ಎರಡನೆಯದು ಕರಾರುಪತ್ರ. ಒಟ್ಟು ಸಂಬಳವನ್ನು ನೋಡಿ ಸಂತೋಷಪಡದೆ, ಮೂಲವೇತನ ಎಷ್ಟೆಂದು ನೋಡಿ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಇಲ್ಲಿನ ಕಾರ್ಮಿಕ ಕಾನೂನಿನಂತೆ ಓವರ್‌ಟೈಮಿಗೆ ಮೂಲವೇತನದ ಲೆಕ್ಕದಲ್ಲಿ ಕನಿಷ್ಠ 25 ಶೇಕಡಾ, ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗಿನ ಓವರ್‌ಟೈಮಿಗೆ 50 ಶೇಕಡಾ ಹೆಚ್ಚು ಕೊಡಬೇಕು; ಆದರೆ ಪಾಳಿಯ ಕೆಲಸಗಾರರಿಗೆ ರಾತ್ರಿಯ ಈ ದರ ಅನ್ವಯಿಸುವುದಿಲ್ಲ. ನಿಮ್ಮ ರಾತ್ರಿ ಕೆಲಸವನ್ನು ಪಾಳಿಯೆಂದು ಬರೆಯುತ್ತಾರೆಯೇ ಎಂದು ಮೊದಲೇ ಕೇಳಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯೂ, ಅಂದರೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನ, ಮೂಲವೇತನದ ಮೇಲೆಯೇ. ನನ್ನ ಮೊದಲ ಕಂಪನಿ ಮೂಲವೇತನವನ್ನು ಚಿಕ್ಕದಾಗಿಸಿ ಉಳಿದುದನ್ನು ಭತ್ಯೆಯೆಂದು ತೋರಿಸಿದ್ದರಿಂದ, ಏಳು ವರ್ಷ ದುಡಿದ ನನ್ನ ಕೈಗೆ ಬಂದ ಮೊತ್ತ ನೋಡಿ ಮನಸ್ಸಿಗೆ ಬಹಳ ನೋವಾಯಿತು.

ನೇಮಕಾತಿಯ ಖರ್ಚನ್ನು ಇಲ್ಲಿನ ಮಾಲೀಕರು ನಿಮ್ಮಿಂದ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು. ಹತ್ತನೆಯ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ (ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕಾಗುವಂಥದ್ದು) ಇದ್ದರೆ, ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆಯದೆ ಹೊರಡಬೇಡಿ. ಭಾಷೆಯ ಚಿಂತೆ ಬೇಡ. ಕಾಸರಗೋಡಿನವರಾದ ನಮಗೆ ಮಲಯಾಳ ಬರುವುದು ಸೈಟಿನಲ್ಲಿ ದೊಡ್ಡ ಅನುಕೂಲ, ಹಿಂದಿಯನ್ನು ಸ್ವಲ್ಪ ರೂಢಿಸಿಕೊಂಡರೆ ಸಾಕು.

ಸಹಿ ಹಾಕುವ ಮೊದಲು ಕರಾರುಪತ್ರದ ಪ್ರತಿಯನ್ನು ನನಗೆ ಕಳುಹಿಸಿ. ಮೂಲವೇತನದ ಸಾಲನ್ನು ಇಬ್ಬರೂ ಸೇರಿ ಓದೋಣ.