ಹಿರಿಯರ ಸಭೆ ಇದ್ದರೆ ಪ್ರಜಾಪ್ರಭುತ್ವ ಬೆಳೆಯುವುದಿಲ್ಲವೇ?

ಪ್ರಶ್ನೆ: ಕುಲ, ಬುಡಕಟ್ಟು, ಹಿರಿಯರ ಸಭೆ ಗಟ್ಟಿಯಾಗಿರುವ ಕಡೆ ಪ್ರಜಾಪ್ರಭುತ್ವ ಬೇರು ಬಿಡುವುದಿಲ್ಲ ಎಂದು ಓದಿದೆ. ಹಾಗಾದರೆ ಇವನ್ನೆಲ್ಲ ಮೊದಲು ಕಿತ್ತು ಹಾಕಬೇಕಾ?

ಉತ್ತರ: ನಾನು ಇದನ್ನು ಒಪ್ಪುವುದಿಲ್ಲ. ಸಂಸ್ಥೆ ಹಳೆಯದಾ ಹೊಸದಾ ಅನ್ನುವುದಕ್ಕಿಂತ, ಅಲ್ಲಿ ಮುಖ್ಯಸ್ಥನನ್ನು ಎದುರಿಗೇ ಕೇಳಲು ಜನರಿಗೆ ಅವಕಾಶ ಇತ್ತಾ ಅಂತ ನೋಡಬೇಕು.

ಆಫ್ರಿಕಾದ ಬೋಟ್ಸ್ವಾನಾ ನೋಡಿ. ಅಲ್ಲಿನ ತ್ಸ್ವಾನಾ ಜನರಲ್ಲಿ 'ಖೋಟ್ಲಾ' ಎಂಬ ಬಯಲು ಸಭೆ ಇದೆ. ಕೊನೆಯ ಮಾತು ಮುಖ್ಯಸ್ಥನದೇ, ಆದರೆ ಅದಕ್ಕೂ ಮೊದಲು ಅವನ ಮುಖಕ್ಕೇ ಹೇಳಬೇಕಾದ್ದನ್ನು ಹೇಳಬಹುದು. ಜನರಿಂದಲೇ ದೊರೆ ದೊರೆಯಾಗುವುದು ಎಂಬ ಗಾದೆ ಅವರಲ್ಲಿದೆ. 1948ರಲ್ಲಿ ಬಾಂಗ್ವಾಟೊ ಕುಲದ ಪಟ್ಟಕ್ಕೆ ಬರಬೇಕಿದ್ದ ಸೆರೆಟ್ಸೆ ಖಾಮಾ ಲಂಡನ್ನಿನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿ ಹೆಣ್ಣುಮಗಳನ್ನು ಮದುವೆಯಾದರು. ಆಡಳಿತ ನೋಡುತ್ತಿದ್ದ ಚಿಕ್ಕಪ್ಪ ಶೆಕೆಡಿ ಸುತಾರಾಂ ಒಪ್ಪಲಿಲ್ಲ. ಮೊದಲ ಸಭೆಯೂ ಚಿಕ್ಕಪ್ಪನ ಕಡೆಗೇ ವಾಲಿತು. ಆದರೆ ತಿಂಗಳುಗಟ್ಟಲೆ ವಾದ ನಡೆದು, 1949ರ ಜೂನ್‌ನಲ್ಲಿ ಸೆರೋವೆಯ ಸಭೆಯಲ್ಲಿ ಸೆರೆಟ್ಸೆ ತಮ್ಮನ್ನು ಒಪ್ಪುವವರು ಎದ್ದು ನಿಲ್ಲಿ ಅಂದಾಗ ಸಾವಿರಾರು ಮಂದಿ ಎದ್ದು ನಿಂತರು. ಆ ತೀರ್ಮಾನವನ್ನು ತಳ್ಳಿಹಾಕಿ ಅವರನ್ನು ಗಡೀಪಾರು ಮಾಡಿದ್ದು, ಆಗ ಆ ನಾಡನ್ನು ತನ್ನ ಹಿಡಿತದಲ್ಲಿಟ್ಟುಕೊಂಡು ಜಗತ್ತಿಗೇ ಪ್ರಜಾಪ್ರಭುತ್ವದ ಪಾಠ ಹೇಳುತ್ತಿದ್ದ ಬ್ರಿಟಿಷ್ ಸರ್ಕಾರ!

ಸೆರೆಟ್ಸೆ ಪಟ್ಟದ ಹಕ್ಕು ಬಿಟ್ಟುಕೊಟ್ಟು 1956ರಲ್ಲಿ ವಾಪಸ್ ಬಂದರು, 1966ರಲ್ಲಿ ಸ್ವತಂತ್ರ ದೇಶದ ಮೊದಲ ಅಧ್ಯಕ್ಷರಾದರು. ಮುಂದಿನ ವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದು ಅವರದೇ ಕುಲದ ನೆಲ, ಆದರೂ ಖನಿಜದ ಹಕ್ಕು ಇಡೀ ದೇಶಕ್ಕೆ ಸೇರುವಂತೆ ಕಾನೂನು ಮಾಡಿದರು. ಆಮೇಲೆ ಜಮೀನು ಹಂಚುವ ಅಧಿಕಾರವೂ ಮುಖ್ಯಸ್ಥರ ಕೈಯಿಂದ ಭೂಮಂಡಳಿಗಳಿಗೆ ಹೋಯಿತು. ಖೋಟ್ಲಾ ಮಾತ್ರ ಉಳಿಯಿತು. ಮಂತ್ರಿಗಳು ಯೋಜನೆ ಹಿಡಿದುಕೊಂಡು ಅಲ್ಲಿಗೆ ಹೋಗಿ ವಿವರಿಸಬೇಕು, ಜನರ ಮಾತು ಕೇಳಿಸಿಕೊಳ್ಳಬೇಕು.

ಹಾಗಂತ ಅದನ್ನು ಸುಮ್ನೆ ಹೊಗಳಲಾರೆ. ಹಿಂದೆ ಅಲ್ಲಿ ಹೆಂಗಸರು ಮಾತಾಡುವಂತಿರಲಿಲ್ಲ. ಸಂವಿಧಾನದಲ್ಲಿ ಹೆಸರಿದ್ದದ್ದು 8 ತ್ಸ್ವಾನಾ ಕುಲಗಳಿಗೆ ಮಾತ್ರ. ತ್ಸ್ವಾನಾ ಅಲ್ಲದ ಬಸರ್ವಾ, ಕಲಂಗಾ ಜನ ಹೊರಗೇ ಉಳಿದರು. ಈ ನೋವು ಇನ್ನೂ ಮಾಸಿಲ್ಲ.

ಇನ್ನೊಂದು ವಿಷಯ. 'ಸಂಪ್ರದಾಯ' ಅಂತ ತೋರಿಸುವುದೆಲ್ಲ ಹಳೆಯದಲ್ಲ. ನೈಜೀರಿಯಾದ ಇಗ್ಬೋ ಜನರ ಬಹುಪಾಲು ಊರುಗಳಲ್ಲಿ ಮುಖ್ಯಸ್ಥ ಎಂಬುವನೇ ಇರಲಿಲ್ಲ. ಬ್ರಿಟಿಷರು ಒಂದು ಸನ್ನದು ಕೊಟ್ಟು ಅವನನ್ನು ಹುಟ್ಟಿಸಿದರು. ತೆರಿಗೆ ತಮ್ಮ ಮೇಲೂ ಬೀಳುತ್ತದೆ ಎಂಬ ಸುದ್ದಿ ಹಬ್ಬಿದಾಗ, 1929ರಲ್ಲಿ ಸಾವಿರಾರು ಹೆಂಗಸರು ಆ ಮುಖ್ಯಸ್ಥರ ವಿರುದ್ಧ ಬೀದಿಗಿಳಿದರು. ಗುಂಡೇಟಿಗೆ ಹಲವರು ಸತ್ತರು. ಅವರು ಸಿಡಿದದ್ದು ಯಾವುದೇ ಪುರಾತನ ಪದ್ಧತಿಯ ವಿರುದ್ಧ ಅಲ್ಲ, ಮೇಲಿನಿಂದ ಹೇರಿದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಅಧಿಕಾರದ ವಿರುದ್ಧ.

ಪ್ರಶ್ನೆ: ಹಿರಿಯರ ಸಭೆಯನ್ನೇ ಸಂಸತ್ತಿನೊಳಗೆ ತಂದರೆ ಹೇಗೆ?

ಉತ್ತರ: ಸೊಮಾಲಿಯಾದಿಂದ ಬೇರೆಯಾದೆವೆಂದು ಘೋಷಿಸಿಕೊಂಡ ಸೋಮಾಲಿಲ್ಯಾಂಡ್ ಅದನ್ನೇ ಮಾಡಿತು. ಅಂತರ್ಯುದ್ಧದ ನಂತರ, 1993ರಲ್ಲಿ ಬೊರಾಮಾದಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಮಾತಾಡಿ ಶಾಂತಿ ತಂದರು. ಅವರ 'ಗುರ್ತಿ' ಎಂಬ ಹಿರಿಯರ ಸಭೆ 82 ಸದಸ್ಯರ ಮೇಲ್ಮನೆಯಾಯಿತು. ಬಂದೂಕು ಕೆಳಗಿಡಿಸಿದ್ದು ಸಣ್ಣ ಕೆಲಸ ಅಲ್ವಲ್ಲ, ನನಗೆ ಅವರ ಮೇಲೆ ತುಂಬಾ ಗೌರವವಿದೆ. ತೊಂದರೆ ಶುರುವಾದದ್ದು ಆಮೇಲೆ. ಗುರ್ತಿ ತನ್ನ ಅವಧಿಯನ್ನು ಮತ್ತೆ ಮತ್ತೆ ಮುಂದೂಡಿಕೊಂಡಿತು, ಅಧ್ಯಕ್ಷರ ಅವಧಿಯನ್ನೂ ವಿಸ್ತರಿಸಿತು, ತೀರಿಕೊಂಡ ಸದಸ್ಯರ ಜಾಗಕ್ಕೆ ಮಕ್ಕಳು ಬಂದು ಕೂತರು. ಕುಲದೊಳಗೆ ಹಿರಿಯನೊಬ್ಬ ನ್ಯಾಯ ತಪ್ಪಿದರೆ ಜನ ಅವನ ಬಳಿ ಹೋಗುವುದನ್ನೇ ಬಿಡಬಹುದಿತ್ತು. ಸಂಬಳ, ಕುರ್ಚಿ, ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಆ ದಾರಿ ಮುಚ್ಚಿತು. ಒಳಗೆ ತರುವುದಾದರೆ ತರಲಿ, ಆದರೆ ಅವಧಿ ಎಷ್ಟು, ಇಳಿಸುವವರು ಯಾರು ಎಂಬುದನ್ನು ಮೊದಲ ದಿನವೇ ಬರೆದಿಡಬೇಕು.